ಮೈಕಿನಲ್ಲಿ ಹೇಳಿದ ರೋಗ

ಹಾಸನದಲ್ಲಿ ಡಾಕ್ಟರೊಬ್ಬರು ತೀರಿಕೊಂಡರೆ ಮುಂದಿನ ಭಾನುವಾರ ಶ್ರದ್ಧಾಂಜಲಿ ಸಭೆ ಇರುತ್ತದೆ. ಸಭೆಯಲ್ಲಿ ಕಾಫಿ, ಬಿಸಿ ಉದ್ದಿನವಡೆ, ವಡೆಗಿಂತ ಬಿಸಿಯಾದ ಸುಳ್ಳು. ಕಳೆದ ತಿಂಗಳು ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗಾಗಿ ನಡೆದ ಸಭೆಯಲ್ಲೂ ಹಾಗೆಯೇ ಆಯಿತು. ಬದುಕಿದ್ದಾಗ ಇವರ ಬಾಯಿಗೆ ಹೆದರಿ ರಸ್ತೆ ದಾಟಿಕೊಂಡು ಹೋಗುತ್ತಿದ್ದವರೆಲ್ಲ ಎದ್ದು ನಿಂತು, ‘ಮಾತು ಒರಟು, ಮನಸ್ಸು ಮಾತ್ರ ಬೆಣ್ಣೆ’ ಎಂದರು. ನನ್ನನ್ನೂ ಮಾತಾಡಿ ಎಂದು ಕರೆದರು. ಗಂಟಲು ಸರಿಯಿಲ್ಲ ಎಂದು ತಪ್ಪಿಸಿಕೊಂಡೆ. ಎಷ್ಟೋ ವರ್ಷ ಆ ಮನುಷ್ಯನ ಕಾರಿನಲ್ಲಿ ಪಕ್ಕ ಕೂತು ತಿರುಗಿದವಳು ನಾನು. ಮಾತೂ ಒರಟು, ಮನಸ್ಸೂ ಒರಟು. ಬೆಣ್ಣೆಯನ್ನು ನಾನಂತೂ ಕಾಣಲಿಲ್ಲ.

ನಾನು ಕಣ್ಣಿನ ಡಾಕ್ಟರು. ಅವರು ಗ್ರಂಥಿಗಳ ಡಾಕ್ಟರು: ಸಕ್ಕರೆ ಕಾಯಿಲೆ, ಥೈರಾಯ್ಡು, ಹಾರ್ಮೋನಿನ ಏರುಪೇರು. ಸಕ್ಕರೆ ಕಾಯಿಲೆಯವರ ಕಣ್ಣು ನೋಡಲು ಜೊತೆಗೊಬ್ಬರು ಬೇಕೆಂದು ನನ್ನನ್ನು ಸೇರಿಸಿಕೊಂಡಿದ್ದರು. ಮಂಗಳವಾರ ಹೊಳೆನರಸೀಪುರ, ಗುರುವಾರ ಅರಕಲಗೂಡು, ಶನಿವಾರ ಚನ್ನರಾಯಪಟ್ಟಣ. ಮೂರೂ ಊರಲ್ಲಿ ಮೆಡಿಕಲ್ ಶಾಪಿನ ಹಿಂದೆ ಒಂದು ಕೋಣೆ, ಕೋಣೆಯ ಹೊರಗೆ ಬೆಂಚು, ಬೆಂಚಿನ ತುಂಬ ಜನ. ಸಹೋದ್ಯೋಗಿಗಳನ್ನು ಅವರು ಹೆಸರು ಹಿಡಿದು ಕರೆದದ್ದಿಲ್ಲ. ಮೂಳೆ ಡಾಕ್ಟರು ‘ಮೂಳೆಯಪ್ಪ’, ಕಿವಿ ಮೂಗಿನವರು ‘ಮೂಗಪ್ಪ’, ನಾನು ‘ಕಣ್ಣಮ್ಮ’. ಮೂಲವ್ಯಾಧಿಯ ಡಾಕ್ಟರನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಅವರು ರೋಗ ಹಿಡಿಯುತ್ತಿದ್ದ ರೀತಿ ಮಾತ್ರ ನೋಡಬೇಕು. ಕಾರಿಳಿದವರು ನೇರ ಒಳಗೆ ಹೋಗುತ್ತಿರಲಿಲ್ಲ. ಅಂಗಡಿಯ ಬಾಗಿಲ ಹೊರಗೆ ಜನ ಬಿಟ್ಟ ಚಪ್ಪಲಿಗಳ ಮುಂದೆ ನಿಂತುಬಿಡುತ್ತಿದ್ದರು. ಹೆಬ್ಬೆರಳ ಬಳಿ ಸವೆದದ್ದು, ರಕ್ತದ ಕಲೆ ಇದ್ದದ್ದು, ಊದಿದ ಕಾಲಿಗಾಗಿ ಪಟ್ಟಿ ಕತ್ತರಿಸಿದ್ದು, ಎಲ್ಲವನ್ನೂ ಕೋಲಿನ ತುದಿಯಿಂದ ಸರಿಸಿ ನೋಡುತ್ತಿದ್ದರು. ಒಂದು ಮಂಗಳವಾರ ಹೊಳೆನರಸೀಪುರದಲ್ಲಿ ಹಾಗೆ ನಿಂತವರು, ‘ಕಣ್ಣಮ್ಮಾ, ಇದು ಮೊನ್ನೆ ಮೊನ್ನೆ ತಗೊಂಡಿರೋ ಚಪ್ಪಲಿ. ಆಗಲೇ ಹಿಮ್ಮಡಿ ಗುರುತು ಅಂಚು ದಾಟಿ ಹೊರಗೆ ಬಂದಿದೆ. ಕಾಲು ಬೆಳೀತಿದೆ. ಒಳಗಿರೋನು ಹುಡುಗ ಅಲ್ಲ, ನಡುವಯಸ್ಸಿನೋನು’ ಎಂದರು. ಒಳಗೆ ಹೋದರೆ ಬೆಂಚಿನ ಮೇಲೆ ಒಬ್ಬ ದಿನಸಿ ವ್ಯಾಪಾರಿ. ಎಷ್ಟು ಮಾತ್ರೆ ನುಂಗಿದರೂ ಸಕ್ಕರೆ ಇಳಿಯುತ್ತಿಲ್ಲ ಎಂದು ಬಂದಿದ್ದ. ಇವರು ನಾಡಿ ಹಿಡಿಯಲಿಲ್ಲ, ಬೆರಳು ಹಿಡಿದರು. ‘ಉಂಗುರ ತಿರುಗಿಸು’ ಎಂದರು. ಉಂಗುರ ಅಲ್ಲಾಡಲಿಲ್ಲ.

ಓದುವವರಿಗೆ ಎರಡು ಮಾತು ಹೇಳಬೇಕು. ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ಗ್ರಂಥಿಯೊಂದಿದೆ. ಅದರಲ್ಲಿ ಗಡ್ಡೆ ಎದ್ದು, ಮಕ್ಕಳು ಬೆಳೆಯಲು ಬೇಕಾದ ಹಾರ್ಮೋನನ್ನು ದೊಡ್ಡವರಾದ ಮೇಲೂ ಸುರಿಸತೊಡಗಿದರೆ ಎತ್ತರ ಹೆಚ್ಚುವುದಿಲ್ಲ. ಕೈ, ಕಾಲು, ದವಡೆ, ಮೂಗು, ನಾಲಿಗೆ ದಪ್ಪಗಾಗುತ್ತ ಹೋಗುತ್ತವೆ. ಅಕ್ರೋಮೆಗಲಿ ಎಂದು ಅದರ ಹೆಸರು. ಎಷ್ಟು ನಿಧಾನವೆಂದರೆ, ದಿನಾ ನೋಡುವ ಮನೆಯವರಿಗೇ ತಿಳಿಯುವುದಿಲ್ಲ. ಸಕ್ಕರೆ, ಬಿಪಿ, ಗೊರಕೆ, ತಲೆನೋವು ಎಂದು ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರ ಹತ್ತಿರ ಅಲೆಯುತ್ತಾರೆ. ಕಣ್ಣಿನ ನರಗಳು ಒಂದನ್ನೊಂದು ದಾಟುವುದು ಆ ಗ್ರಂಥಿಯ ನೆತ್ತಿಯ ಮೇಲೆ. ಗಡ್ಡೆ ಮೇಲಕ್ಕೆ ಬೆಳೆದು ನರವನ್ನು ಒತ್ತಿದರೆ ಎರಡೂ ಪಕ್ಕದ ನೋಟ ಹೋಗುತ್ತದೆ. ಆಗ ನನ್ನ ಬಳಿ ಬರುತ್ತಾರೆ, ಕನ್ನಡಕ ಕೊಡಿ ಎಂದು.

ಆ ವ್ಯಾಪಾರಿಗೆ ಮದುವೆಯ ಫೋಟೋ ತರಲು ಹೇಳಿದರು. ತಂದ. ಹಳೆಯ ಮುಖದ ಪಕ್ಕ ಹೊಸ ಮುಖ ಇಟ್ಟು ನೋಡುವುದು ಈ ರೋಗಕ್ಕೆ ಎಲ್ಲ ಡಾಕ್ಟರೂ ಮಾಡುವ ಕೆಲಸವೇ. ಆದರೆ ಇವರು ಹೊರಗಿನ ಬೆಂಚಿನ ಜನವನ್ನೆಲ್ಲ ಒಳಗೆ ಕರೆದರು. ‘ಬನ್ರೋ, ಬನ್ನಿ. ಈ ಮದುವೆ ಗಂಡು, ಈ ಕೂತಿರೋ ಗೊರಿಲ್ಲ, ಎರಡೂ ಒಬ್ನೇನಾ ನೋಡಿ ಹೇಳಿ.’ ಆ ಮನುಷ್ಯ ಎಲ್ಲರ ಮುಂದೆ ಅತ್ತ. ಆದರೆ ಅದೇ ವಾರ ಬೆಂಗಳೂರಿಗೆ ಹೋಗಿ, ಮೂಗಿನ ಮೂಲಕ ಗಡ್ಡೆ ತೆಗೆಸಿಕೊಂಡು, ಸಕ್ಕರೆ ಇಳಿಸಿಕೊಂಡು, ಮೈಸೂರುಪಾಕಿನ ಡಬ್ಬ ಹಿಡಿದು ಬಂದ. ‘ಸಕ್ಕರೆ ಕಾಯಿಲೆ ಡಾಕ್ಟ್ರಿಗೆ ಮೈಸೂರ್‌ಪಾಕಾ? ಗಡ್ಡೆ ಜೊತೆ ಮೆದುಳನ್ನೂ ತೆಗೆದ್ರೇನೋ?’ ಎಂದು ಡಬ್ಬವನ್ನು ಕಾಂಪೌಂಡರಿಗೆ ಕೊಟ್ಟರು.

ಅಲ್ಲಿಂದ ಅವರದೊಂದು ಸಿದ್ಧಾಂತವೇ ಆಯಿತು. ಕಾರಿನಲ್ಲಿ ಕೂತರೆ ಅದೇ ಮಾತು. ‘ನಮ್ಮ ಜನಕ್ಕೆ ಮರ್ಯಾದೆ ಕೊಟ್ಟು ರೋಗ ಹೇಳಿದ್ರೆ ಮನೆಗೆ ಹೋಗಿ ಮಲಗ್ತಾರೆ. ಮರ್ಯಾದೆ ಕಳೆದು ಹೇಳಿದ್ರೆ ಆಪರೇಷನ್‌ಗೆ ಹೋಗ್ತಾರೆ.’ ಅರಕಲಗೂಡಿನ ಕಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು, ಜನವನ್ನು ಬಲ್ಲೆ ಎಂಬ ಗರ್ವ ಬೇರೆ. ನಾನು ಒಂದೆರಡು ಸಲ ಎದುರು ಮಾತಾಡಿದೆ. ‘ನೀನು ಕಣ್ಣಿಗೆ ಹನಿ ಹಾಕು, ಬುದ್ಧಿ ಹೇಳಬೇಡ’ ಎಂದು ಬಾಯಿ ಮುಚ್ಚಿಸಿದರು.

ಈ ಸಿದ್ಧಾಂತ ಒಬ್ಬನ ಕಣ್ಣನ್ನು ತಿಂದಿತು. ಅವನ ಕಥೆ ಹೇಳದೆ ಇವರ ಚಿತ್ರ ಪೂರ್ತಿಯಾಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಂಥದೆಂದು ಬಲ್ಲವರು ಬಲ್ಲರು. ಉಳುವವನು, ಲಾರಿ ಓಡಿಸುವವನು, ಪಂಚಾಯ್ತಿ ಮೆಂಬರು, ಎಲ್ಲರೂ ಬಣ್ಣ ಹಚ್ಚುವವರೇ. ಪಾತ್ರ ಬೇಕಾದವನು ಕೈಯಿಂದ ದುಡ್ಡು ಹಾಕಿ ಪಾತ್ರ ಕೊಳ್ಳಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಈಗೆಲ್ಲ ಹಾಸನದ ಕಲಾಭವನದಲ್ಲಿ ಭಾನುವಾರ ಬೆಳಗ್ಗೆಯೇ ಪರದೆ ಏಳುತ್ತದೆ. ನಡುನಡುವೆ ಆಟ ನಿಲ್ಲಿಸಿ ಗಣ್ಯರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅಂಥದೊಂದು ಭಾನುವಾರ ನಮ್ಮನ್ನೂ ಕರೆದಿದ್ದರು. ನಾಟಕದ ಮುಖ್ಯಸ್ಥ ಇವರ ಸಕ್ಕರೆ ಕಾಯಿಲೆಯ ರೋಗಿ.

ರಾಕ್ಷಸ ರಾಜನ ಪಾತ್ರದವನು ಕಟ್ಟಾಯದ ಕಡೆಯ ರೈತ. ಹರೆಯದಲ್ಲಿ ಸಣಕಲು ಆಳಂತೆ. ದುಡ್ಡು ಹಾಕಲಾರದೆ ವರ್ಷಗಟ್ಟಲೆ ದೂತನ ಪಾತ್ರ ಮಾಡಿದ್ದನಂತೆ: ಬರುವುದು, ‘ಅಪ್ಪಣೆ ಪ್ರಭು’ ಎನ್ನುವುದು, ಹೋಗುವುದು. ನಲವತ್ತು ದಾಟುವ ಹೊತ್ತಿಗೆ ಮೈ ಬಂತು. ದವಡೆ ಮುಂದೆ ಬಂತು, ಹುಬ್ಬಿನ ಮೂಳೆ ಎದ್ದಿತು, ಕೈ ಮೊರದಷ್ಟಾಯಿತು, ದನಿ ಗುಡುಗಾಯಿತು. ‘ಕಲೆ ಮೈಗತ್ತದೆ ಕಣ್ಲಾ ಇವನ್ಗೆ’ ಎಂದು ಮೇಷ್ಟ್ರು ಬಿಡಿಗಾಸು ಕೇಳದೆ ರಾಕ್ಷಸ ರಾಜನ ಪಾತ್ರ ಕೊಟ್ಟರು. ಅವನು ಅದನ್ನು ದೇವರ ವರವೆಂದೇ ನಂಬಿದ್ದ. ನಾಟಕದ ತಿಂಗಳು ಮಾಂಸ ಮುಟ್ಟುತ್ತಿರಲಿಲ್ಲ. ಚನ್ನರಾಯಪಟ್ಟಣದವರೆಗೂ ಅವನ ಹೆಸರು ಹೋಗಿತ್ತು. ಪರದೆ ಎದ್ದು ಅವನು ಗದೆ ಹೊತ್ತು ಬಂದರೆ ಜನ ಶಿಳ್ಳೆ ಹಾಕುತ್ತಿದ್ದರು.

ಅವತ್ತೂ ಹಾಕಿದರು. ನನ್ನ ಪಕ್ಕ ಕೂತಿದ್ದ ಇವರು ಮಾತ್ರ ಮುಂದಕ್ಕೆ ಬಾಗಿ, ‘ಕಿರೀಟ ನೋಡು’ ಎಂದರು. ಬಾಡಿಗೆಯ ಕಿರೀಟ ಅವನ ತಲೆಗೆ ಸಾಲದೆ ಮೇಲೆ ಕೂತಿತ್ತು. ದಾರದಿಂದ ಗದ್ದಕ್ಕೆ ಕಟ್ಟಿದ್ದರು. ನನಗೂ ಅರ್ಥವಾಯಿತು. ‘ಆಟ ಮುಗೀಲಿ ಸಾರ್, ಒಳಗೆ ಹೋಗಿ ಮಾತಾಡೋಣ’ ಎಂದೆ.

ಸನ್ಮಾನದ ಹೊತ್ತಿಗೆ ಪಾತ್ರಧಾರಿಗಳನ್ನೂ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಇವರ ಹೆಗಲಿಗೆ ಶಾಲು ಬಿತ್ತು, ಕೈಗೆ ಮೈಕು ಬಂತು. ‘ಶಾಲು ಹೊದೆಸಿದ್ದೀರಿ, ಸಂತೋಷ. ನಾಟಕ ನಾನು ನೋಡ್ಲಿಲ್ಲ. ಈ ರಾಕ್ಷಸನ್ನೇ ನೋಡ್ತಾ ಕೂತಿದ್ದೆ. ಇವನ ಮುಖಕ್ಕೆ ಬಣ್ಣ ಯಾಕ್ರಯ್ಯ ದಂಡ ಮಾಡಿದ್ರಿ? ಇದು ಪಾತ್ರ ಅಲ್ಲ, ಕಾಯಿಲೆ.’

ಜನ ತಮಾಷೆಯೆಂದುಕೊಂಡು ಗೊಳ್ಳೆಂದು ನಕ್ಕರು. ಅವನೂ ನಗಲು ನೋಡಿದ. ‘ಏನ್ ಸಾ, ಅಂಗಂದ್ಬುಟ್ರಿ?’ ಎಂದ.

‘ಬಾಯಿ ತೆಗಿ’ ಎಂದರು. ಡಾಕ್ಟರು ಹೇಳಿದ ಮೇಲೆ ತೆಗೆಯದೆ ಇರಲು ಅವನಿಗೆ ತಿಳಿಯಲಿಲ್ಲ. ಗದೆ ಹೊತ್ತುಕೊಂಡೇ ಬಾಯಿ ತೆಗೆದ. ‘ನೋಡ್ರಿ, ಹಲ್ಲಿನ ಸಂದೀಲಿ ಬೆರಳು ತೂರುತ್ತೆ. ನಾಲಿಗೆ ನೋಡಿ, ಎಮ್ಮೇದು. ಇವನ ಹೆಂಡ್ತಿ ಎಲ್ಲಮ್ಮಾ? ರಾತ್ರಿ ಗೊರಕೆ ಹೊಡೀತಾನೇನಮ್ಮ, ಗೋಡೆ ಬೀಳೋ ಹಂಗೆ?’ ಮೂರನೆಯ ಸಾಲಿನಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮುಖಕ್ಕೆ ಹಾಕಿಕೊಂಡಳು. ಹಿಂದಿನಿಂದ ಯಾವನೋ ‘ಒನ್ಸ್ ಮೋರ್’ ಎಂದು ಕೂಗಿದ. ‘ನಾಳೆ ಬಂದು ರಕ್ತ ಕೊಡು. ಇಲ್ಲದಿದ್ರೆ ಮೊದಲು ಕಣ್ಣು ಹೋಗುತ್ತೆ, ಆಮೇಲೆ ನೀನು ಹೋಗ್ತೀಯ’ ಎಂದು ಮೈಕು ಕೊಟ್ಟು ಇಳಿದರು.

ಆಟ ಮತ್ತೆ ಶುರುವಾಯಿತು. ಅವನ ಪದ ಬಂದಾಗ ಹಾರ್ಮೋನಿಯಂ ಅದೇ ಸ್ವರವನ್ನು ಮತ್ತೆ ಮತ್ತೆ ಎತ್ತಿಕೊಟ್ಟರೂ ಅವನ ಬಾಯಿಂದ ಹಾಡು ಬರಲಿಲ್ಲ. ಬಾಯಿ ತೆಗೆಯುವುದಕ್ಕೇ ನಾಚಿದ ಹಾಗಿತ್ತು. ಜನ ಅದಕ್ಕೂ ನಕ್ಕರು.

ಕಾರಿನಲ್ಲಿ ನಾನು ಸುಮ್ಮನಿರಲಿಲ್ಲ. ‘ಕಟುಕರಿಗೂ ನಿಮಗೂ ಏನು ವ್ಯತ್ಯಾಸ?’ ಎಂದು ಕೇಳಿದೆ. ‘ನಾಳೆ ಬೆಳಗ್ಗೆ ಬಾಗಿಲಲ್ಲಿ ನಿಂತಿರ್ತಾನೆ ನೋಡು’ ಎಂದರು. ಅವನು ಬರಲಿಲ್ಲ. ಆ ವಾರವೂ ಬರಲಿಲ್ಲ, ಆ ತಿಂಗಳೂ ಬರಲಿಲ್ಲ. ಇವರಿಗೆ ನಿದ್ದೆ ಹೋಯಿತು. ಅದು ಕರುಣೆಯಲ್ಲ, ಹಿಡಿದ ರೋಗ ಕೈತಪ್ಪಿತಲ್ಲ ಎಂಬ ಉರಿ. ಒಂದು ದಿನ ನನ್ನನ್ನು ಕೂರಿಸಿಕೊಂಡು ಅವನ ಹೊಲಕ್ಕೇ ಹೋದರು.

ಆಲೂಗೆಡ್ಡೆ ಅಗೆಯುತ್ತಿದ್ದರು. ಅವನು ನಮ್ಮನ್ನು ಕಂಡು ಬೆನ್ನು ತಿರುಗಿಸಿದ. ಹೆಂಡತಿ ಬದುವಿಗೆ ಬಂದಳು. ‘ಅಷ್ಟು ಜನದ್ ಮುಂದೆ ಇವರ್ ಮೈ ಮೇಲೆ ಕಣ್ಣಾಕುದ್ರಿ. ಅವತ್ನಿಂದ ತಲೆ ಎತ್ತಕ್ಕಾಗಕಿಲ್ಲ, ಅಂಗ್ ನೋಯ್ತದೆ. ಉಪ್ಪು ಮೆಣಸಿನಕಾಯಿ ನೀವಾಳ್ಸಿದ್ದಾಯ್ತು, ಬೂದುಗುಂಬಳಕಾಯಿ ಒಡುದ್ದಾಯ್ತು. ಈಗ ಒಲದ್ ತಂಕ ಬಂದ್ಬುಟ್ರಾ?’ ಎಂದಳು.

‘ಕಣ್ಣಲ್ಲ ಕಣಮ್ಮಾ, ಗಡ್ಡೆ. ತಲೆನೋವು ಮೊದಲೂ ಇತ್ತು, ನೀವು ಗಮನ ಕೊಟ್ಟಿರಲಿಲ್ಲ. ಹೀಗೇ ಬಿಟ್ರೆ ನಿನ್ ಗಂಡ ಸಾಯ್ತಾನೆ’ ಎಂದರು ಇವರು.

‘ಬುಡ್ತು ಅನ್ನಿ ಸಾ!’ ಎಂದು ಅವಳು ಕಿರುಚಿದಳು. ‘ಬುಡ್ತು ಅನ್ನಿ!’

ಕೆಟ್ಟ ಮಾತು ಬಾಯಿಂದ ಬಿದ್ದರೆ ‘ಬಿಡ್ತು’ ಎಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಒಂದು ಮಾತು ಅಂದಿದ್ದರೆ ಅವಳು ಮಜ್ಜಿಗೆ ತಂದುಕೊಡುತ್ತಿದ್ದಳು, ಗಂಡನನ್ನು ಕರೆಯುತ್ತಿದ್ದಳು. ನಾನು ಇವರ ತೋಳು ಮುಟ್ಟಿ, ‘ಅನ್ನಿ ಸಾರ್’ ಎಂದೆ. ‘ಯಾಕನ್ಲಿ? ನಾನು ಹೇಳಿದ್ದು ನಿಜ’ ಎಂದರು. ಅವಳು ಬಗ್ಗಿ ಹಿಡಿ ಮಣ್ಣು ತೆಗೆದು ನಮ್ಮ ಮೇಲೆ ತೂರಿದಳು. ಹೆಗಲ ಮಣ್ಣನ್ನು ಒರೆಸಿಕೊಳ್ಳದೆ ಕಾರು ಹತ್ತಿ, ‘ದಡ್ಡ ಮುಂಡೇವು’ ಎಂದರು.

ಕೆಲವು ತಿಂಗಳಾದ ಮೇಲೆ ಅವನೊಬ್ಬನೇ ನನ್ನ ಹಾಸನದ ಕ್ಲಿನಿಕ್ಕಿಗೆ ಬಂದ. ಪಕ್ಕದಿಂದ ಬಂದ ಸ್ಕೂಟರ್ ಕಾಣದೆ ಮೊಣಕೈ ತರಚಿಕೊಂಡಿದ್ದ. ಎದುರಿಗೆ ಕೂರಿಸಿಕೊಂಡು, ‘ನನ್ನ ಮೂಗನ್ನೇ ನೋಡಿ. ಪಕ್ಕದಲ್ಲಿ ನನ್ನ ಬೆರಳು ಅಲ್ಲಾಡೋದು ಕಾಣುತ್ತಾ?’ ಎಂದು ಪರೀಕ್ಷೆ ಮಾಡಿದೆ. ಎರಡೂ ಕಡೆ ಕಾಣಲಿಲ್ಲ. ಆ ನಾಟಕದ ಹೊತ್ತಿಗೆ ಎಲ್ಲ ಕಾಣುತ್ತಿತ್ತು, ಈಚೆಗೆ ಹೀಗೆ ಎಂದ. ಜಟಕಾ ಕುದುರೆಯ ಕಣ್ಣಿಗೆ ಪಟ್ಟಿ ಕಟ್ಟಿದಂತೆ ನೇರ ಇರುವುದಷ್ಟೇ ಕಾಣುತ್ತಿತ್ತು. ಮೆಲ್ಲಗೆ ತಿಳಿಸಿ ಹೇಳಿದೆ. ರಕ್ತದ ಪರೀಕ್ಷೆ, ತಲೆಯ ಸ್ಕ್ಯಾನು, ಮೂಗಿನಿಂದ ಆಪರೇಷನ್ನು, ಗಡ್ಡೆ ಚೂರು ಉಳಿದರೆ ತಿಂಗಳಿಗೊಂದು ಇಂಜೆಕ್ಷನ್ನು. ತಲೆಯಾಡಿಸುತ್ತ ಕೇಳಿದ. ಕೊನೆಗೆ, ‘ಇದನ್ನ ಅವ್ರು ನಿಮ್ಗೆ ಏಳ್ಕೊಟ್ಟವ್ರಾ?’ ಎಂದ. ಅವರ ಕಾರಿನಲ್ಲಿ ನನ್ನನ್ನು ಕಂಡಿದ್ದನಲ್ಲ.

‘ಇಲ್ಲಪ್ಪ, ನನ್ನ ಕಣ್ಣಿಗೇ ಕಂಡಿದ್ದು’ ಎಂದೆ.

‘ಆಗಲಿ ಕಣಕ್ಕ. ಈ ಒಂದು ನಾಟ್ಕ ಮುಗುದ್ಬುಡ್ಲಿ. ಅವತ್ತು ಹಾಡ್ದೆ ನಿಂತಿದ್ದು ಊರ್ನೋರಿಗೆಲ್ಲ ಆಡ್ಕೊಳ್ಳೋ ಮಾತಾಗದೆ. ಒಂದ್ಸಲ ಹಾಡ್ಬುಟ್ಟು ಬತ್ತೀನಿ. ಮೂಗಿಗೆ ಕೈ ಹಾಕುದ್ರೆ ಸ್ವರ ಓಯ್ತದೆ ಅಂತಾರೆ ಮೇಷ್ಟ್ರು.’ ಎಷ್ಟು ಹೇಳಿದರೂ ಅಷ್ಟೇ. ಅವತ್ತು ಕಳೆದುಕೊಂಡ ಮರ್ಯಾದೆಯನ್ನು ಅದೇ ವೇದಿಕೆಯ ಮೇಲೆ ವಾಪಸು ಪಡೆಯದೆ ಅವನು ಎಲ್ಲಿಗೂ ಹೋಗುವವನಾಗಿರಲಿಲ್ಲ.

ನಾಟಕಕ್ಕೆ ಇನ್ನೇನು ಒಂದು ವಾರ ಇದೆ ಎನ್ನುವಾಗ, ತಾಲೀಮಿನ ನಡುವೆ ತಲೆ ಹಿಡಿದುಕೊಂಡು ಬಿದ್ದ. ವಾಂತಿ ಮಾಡಿಕೊಂಡ. ‘ದೀಪ ಯಾಕ್ರೋ ಆರ್ಸುದ್ರಿ?’ ಎಂದು ಕೇಳಿದನಂತೆ. ಮಟಮಟ ಮಧ್ಯಾಹ್ನ ಅದು. ಗಡ್ಡೆಯೊಳಗೆ ರಕ್ತನಾಳ ಒಡೆದಿತ್ತು. ಹಾಸನದ ಆಸ್ಪತ್ರೆಗೆ ಹೊತ್ತು ತಂದಾಗ ಇವರು ಊಟದ ಎಲೆ ಬಿಟ್ಟು ಎದ್ದು ಬಂದರು. ಕೊಡಬೇಕಾದ ಇಂಜೆಕ್ಷನ್ನನ್ನು ತಮ್ಮ ಕೈಯಿಂದಲೇ ಕೊಟ್ಟು, ಬೆಂಗಳೂರಿನ ಸರ್ಜನ್ನಿಗೆ ಫೋನಿನಲ್ಲೇ ಬೈದು ಥಿಯೇಟರು ಸಿದ್ಧಮಾಡಿಸಿ, ಆಂಬುಲೆನ್ಸಿನಲ್ಲಿ ತಾವೂ ಹತ್ತಿ ಕೂತರು. ಚನ್ನರಾಯಪಟ್ಟಣ ದಾಟುವವರೆಗೂ ಅವನ ಹೆಂಡತಿಯನ್ನು ಬೈಯುತ್ತಲೇ ಇದ್ದರಂತೆ. ಅವಳು ಅವರ ಕಾಲು ಹಿಡಿದುಕೊಂಡೇ ಕೂತಿದ್ದಳಂತೆ.

ಜೀವ ಉಳಿಯಿತು. ಕಣ್ಣು ಬರಲಿಲ್ಲ. ಬಹಳ ದಿನ ಒತ್ತಿ ಒತ್ತಿ ಸೊರಗಿದ್ದ ನರ, ಬಿಳಿಚಿಕೊಂಡಿತ್ತು. ನಾನೇ ಪರೀಕ್ಷೆ ಮಾಡಿ, ನಾನೇ ಹೇಳಬೇಕಾಯಿತು.

ಆಮೇಲೆ ಚಿಕಿತ್ಸೆಗೆ ಯಾವ ಕೊರತೆಯೂ ಆಗಲಿಲ್ಲ. ತಿಂಗಳಿಗೊಂದು ಇಂಜೆಕ್ಷನ್ನು, ದಿನಕ್ಕಿಷ್ಟು ಮಾತ್ರೆ, ಆಗಾಗ ರಕ್ತ ಪರೀಕ್ಷೆ. ರಿಪೋರ್ಟು ನಾರ್ಮಲ್ಲಿಗೆ ಬಂದ ದಿನ ಇವರು ಕಾಗದವನ್ನು ನನ್ನ ಮೇಜಿನ ಮೇಲೆ ಎಸೆದು, ‘ವಾಸಿ’ ಎಂದರು. ನಿಜ, ವಾಸಿಯಾಗಿತ್ತು. ಮೂಳೆ ಹಿಂದಕ್ಕೆ ಹೋಗುವುದಿಲ್ಲ. ಆದರೆ ತುಟಿ, ಕೆನ್ನೆ, ಬೆರಳು ಇಳಿದಿದ್ದವು. ಒಂದು ದಿನ ಬೆಂಚಿನ ಮೇಲೆ ಕೂತು ಮುಖ ಸವರಿಕೊಳ್ಳುತ್ತಿದ್ದವನು ನನ್ನ ದನಿ ಕೇಳಿ, ‘ನನ್ ಹಳೇ ಮುಖ ತಿರ್ಗ ಬಂದದೆ ಅಂತಾರೆ ಕಣಕ್ಕ, ಎಲ್ಲಾರೂ. ನಾನೊಬ್ಬ ನೋಡ್ನಿಲ್ಲ’ ಎಂದ.

ಊರವರು ಕೂಡ ಕಡಿಮೆಯೇನಲ್ಲ. ಮುಂದಿನ ವರ್ಷ ಮೇಷ್ಟ್ರು ಅವನಿಗೆ ಕುರುಡು ದೊರೆಯ ಪಾತ್ರ ಕೊಟ್ಟರು. ಹೆಂಡತಿ ಪರದೆಯ ತನಕ ಕೈಹಿಡಿದು ಬಿಟ್ಟಳು. ಅವನು ಸಿಂಹಾಸನ ತಡವಿಕೊಂಡು ನಡೆದರೆ ಜನ, ‘ಏನ್ ಆಕ್ಟಿಂಗ್ ಲಾ!’ ಎಂದು ಶಿಳ್ಳೆ ಹಾಕಿದರಂತೆ. ಹಾಡಿದನಂತೆ, ಒನ್ಸ್ ಮೋರ್ ಬಿತ್ತಂತೆ. ಇವರಿಗೂ ಕರೆ ಬಂದಿತ್ತು. ಹೋಗಲಿಲ್ಲ. ಕಟ್ಟಾಯದ ಕಡೆ ಇಂದಿಗೂ, ಡಾಕ್ಟರ ಕಣ್ಣು ತಾಕಿ ಅವನ ಕಣ್ಣು ಹೋಯಿತೆಂದೇ ಹೇಳುತ್ತಾರೆ.

ಇಷ್ಟಾದ ಮೇಲೆ ಮನುಷ್ಯ ಮೆತ್ತಗಾದರೇ? ಇಲ್ಲ. ಮುಂದಿನ ಗುರುವಾರವೇ ಅರಕಲಗೂಡಿನಲ್ಲಿ ಗಂಟಲು ಊದಿದ ಹುಡುಗಿಯೊಬ್ಬಳಿಗೆ, ‘ಇದೇನು ಕುತ್ತಿಗೇಲಿ ಬದನೆಕಾಯಿ ಬಿಟ್ಟಿದೆ?’ ಎಂದರು. ನಾನು ಮುಖ ಸಿಂಡರಿಸಿದ್ದಕ್ಕೆ, ‘ಒಬ್ಬನ ಕಣ್ಣು ಹೋಯ್ತು ಅಂತ ನಾನು ರೋಗಾನ ಹಾಡಿನಲ್ಲಿ ಹೇಳ್ಲಾ?’ ಎಂದು ಕೇಳಿದರು.

ಈ ವರ್ಷದ ಆರಂಭದಲ್ಲಿ ಅವರ ಮೇದೋಜೀರಕದಲ್ಲಿ ಕ್ಯಾನ್ಸರ್ ಕಾಣಿಸಿತು. ಕಣ್ಣಿನ ಬಿಳಿ ಹಳದಿಯಾದದ್ದನ್ನು ಕನ್ನಡಿಯಲ್ಲಿ ಕಂಡು ತಾವೇ ರೋಗ ಹಿಡಿದುಕೊಂಡಿದ್ದರು. ಚಿಕಿತ್ಸೆ ಬೇಡವೆಂದು ಮನೆಯಲ್ಲೇ ಮಲಗಿದರು. ನೋಡಲು ಬಂದವರು ‘ಗುಣ ಆಗ್ತೀರಿ ಸಾರ್’ ಎಂದರೆ ಎದ್ದು ಹೋಗಿ ಎನ್ನುತ್ತಿದ್ದರು. ಒಂದು ಸಂಜೆ ನಾನು ಹೋದಾಗ ಬಾಗಿಲು ಹಾಕಲು ಹೇಳಿದರು. ಮುಖ ಬರೀ ಮೂಳೆಯಾಗಿತ್ತು.

‘ಕಣ್ಣಮ್ಮಾ, ಒಂದು ಮಾತು ಕೇಳ್ತೀನಿ. ಸಮಾಧಾನ ಹೇಳೋದಾದ್ರೆ ಬಾಯಿ ತೆಗೀಬೇಡ. ಅವತ್ತು ಆ ನಾಟಕದವನ್ನ ಒಬ್ಬನೇ ಕರೆದು ಮೆತ್ತಗೆ ಹೇಳಿದ್ರೆ, ಅವನ ಕಣ್ಣು ಉಳೀತಿತ್ತಾ?’

ಯಾರಿಗೆ ಗೊತ್ತು ಸಾರ್ ಎನ್ನಬಹುದಿತ್ತು. ಅವನ ಹಣೆಬರಹ ಎನ್ನಬಹುದಿತ್ತು. ಸಾಯುವವನಿಗೆ ಅಷ್ಟು ಹೇಳಿದರೆ ಯಾವ ದೇವರೂ ಕೋಪಿಸಿಕೊಳ್ಳುವುದಿಲ್ಲ. ಆದರೆ ಆ ಮೂರನೆಯ ಸಾಲಿನ ಹೆಂಗಸಿನ ಸೆರಗು ನನ್ನ ಕಣ್ಣ ಮುಂದೆ ಬಂತು. ಅವರು ಯಾರಿಗೂ ಕೊಡದ ಸುಳ್ಳನ್ನು ಅವರಿಗೆ ಕೊಡಲು ನನಗೆ ಮನಸ್ಸಾಗಲಿಲ್ಲ.

‘ಉಳೀತಿತ್ತು ಸಾರ್’ ಎಂದೆ. ‘ಅವತ್ತು ಅವನಿಗೆ ನೋಟ ಪೂರ್ತಿ ಇತ್ತು. ಮಾರನೇ ದಿನವೇ ಬರ್ತಿದ್ದ.’

ಅವರು ಗೋಡೆಯ ಕಡೆ ಹೊರಳಿ, ‘ಸರಿ, ಹೋಗು. ಇನ್ನು ಬರಬೇಡ’ ಎಂದರು. ಅದಾದ ಮೇಲೂ ಕೆಲವು ವಾರ ಅವರಿಗೆ ಜೀವವಿತ್ತು. ನೋವಿಗೆ ಕೊಡುವ ಇಂಜೆಕ್ಷನ್ ಕೂಡ ಬೇಡವೆಂದರಂತೆ. ನನ್ನನ್ನು ಮತ್ತೆ ಕರೆಸಲಿಲ್ಲ, ನಾನೂ ಹೋಗಲಿಲ್ಲ.